ಸೋಮವಾರದ ಸೂಜಿ

ನಮ್ಮ ಯಜಮಾನರ ಹೆಸರನ್ನು ನಾನು ಆಗಲೂ ಬಾಯಿಬಿಟ್ಟು ಹೇಳಿದವಳಲ್ಲ, ಈಗ ಬರೆಯಲು ಹೋದರೂ ಕೈ ಬರುವುದಿಲ್ಲ. ಹೆಸರಿಲ್ಲದೆಯೂ ನಡೆಯುತ್ತದೆ. ಹುಕ್ಕೇರಿಯಿಂದ ಗೋಕಾಕ, ಗೋಕಾಕದಿಂದ ಮೂಡಲಗಿ, ಆ ದಾರಿಯ ಉದ್ದಕ್ಕೂ ಮಂದಿಗೆ ಅವರು ‘ಡ್ರೈವರ ಕಾಕಾ’. ಅದು ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲವೆಂದು ಸರ್ವಿಸ್ ಮೋಟಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಬೆಳಿಗ್ಗೆ ಮೂಡಲಗಿಯಲ್ಲಿ ನಾನು ಅಡಿಗೆಮನೆಯಲ್ಲಿ ಒಲೆ ಊದುತ್ತಿದ್ದರೆ ಅವರು ಬೀದಿಯಲ್ಲಿ ಮೋಟಾರಿನ ಒಲೆ ಊದುತ್ತಿದ್ದರು. ಯಾರ ಒಲೆ ಮೊದಲು ಹತ್ತಿತು ಎಂದು ನಮ್ಮಲ್ಲಿ ದಿನಾ ಪೈಪೋಟಿ. ಬಹುತೇಕ ನಾನೇ ಗೆಲ್ಲುತ್ತಿದ್ದೆ.

ಆ ಮೋಟಾರಿನಲ್ಲಿ ಹೆಂಗಸರ ಬೆಂಚು ಡ್ರೈವರನ ಬೆನ್ನಿಗೇ ಇತ್ತು. ಮದುವೆಯಾಗಿ ಹದಿನೆಂಟು ವರ್ಷ, ನಾನು ತವರಿಗೆ ಹೋಗಲಿ, ಸಂತೆಗೆ ಹೋಗಲಿ, ಅವರ ಕುತ್ತಿಗೆಯನ್ನೇ ನೋಡುತ್ತ ಹೋದವಳು. ಆ ಕುತ್ತಿಗೆ ಸೊರಗಿದ್ದನ್ನು ಮೊದಲು ಕಂಡವಳೂ ನಾನೇ. ಆಮೇಲೆ ಇವರು ಕಾಲ್ಮಡಿಯುವ ಬಚ್ಚಲಿನ ಮೂಲೆಯಲ್ಲಿ ಇರುವೆ ಸಾಲುಗಟ್ಟತೊಡಗಿದವು. ಹಿತ್ತಲಿನ ಮುದುಕಿಯರಿಗೆ ಅದರ ಅರ್ಥ ಗೊತ್ತಿತ್ತು. ನನ್ನ ಹತ್ತಿರ ಹೇಳದೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನನಗೆ ಸಿಟ್ಟು ಬಂತು, ಇವರನ್ನು ಹಿಡಿದು ಗೋಕಾಕದ ದವಾಖಾನೆಗೆ ಕರೆದೊಯ್ದೆ.

ಅಲ್ಲಿಯ ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ಇವರ ಮೂತ್ರದ ನಾಲ್ಕು ಹನಿ ಸೇರಿಸಿ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಇಟ್ಟಂಗಿಯ ಬಣ್ಣ ಬಂತು. “ಸಕ್ಕರಿ ಜಡ್ಡ ಐತ್ರಿ. ದಿನಾ ಮುಂಜಾನೆ ಸೂಜಿ ತಗೋಬೇಕ,” ಎಂದರು. ಇವರು ಕೇಳಿದ್ದು ಒಂದೇ ಮಾತು: “ಗಾಡಿ ಹೊಡೀಬಹುದಲ್ರಿ?” ಡಾಕ್ಟರು “ನೋಡೂಣು” ಎಂದರು.

ಸೂಜಿ ಹಾಕುವುದನ್ನು ನನಗೆ ಕಲಿಸಿದವರು ದವಾಖಾನೆಯ ಕಂಪೌಂಡರ ಚಾಚಾ. ಬಿಳಿ ಗಡ್ಡ, ಮೆತ್ತಗಿನ ಮಾತು. ಒಂದು ಬದನೆಕಾಯಿ ಕೊಟ್ಟು ಅದಕ್ಕೆ ಚುಚ್ಚಲು ಹೇಳಿದರು. ಎಂಟು ದಿನ ನಾನು ಬದನೆಕಾಯಿಗೆ ಚುಚ್ಚಿ ಚುಚ್ಚಿ, ಆ ಬದನೆಕಾಯಿಯನ್ನೇ ಎಣ್ಣೆಗಾಯಿ ಮಾಡಿ ಇವರಿಗೆ ಬಡಿಸಿದೆ. ಚಾಚಾ ಎರಡು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು.

“ಸೂಜಿ ಆದ ಅರ್ಧಾ ತಾಸಿನ್ಯಾಗ ರೊಟ್ಟಿ ಹೊಟ್ಟಿಗೆ ಬೀಳಬೇಕ. ಇನ್ನ, ಮೈ ಬೆವತು ಮಾತ ತೊದಲಿದ್ರ ಲಗೂನ ಬಾಯಾಗ ಬೆಲ್ಲಾ ಹಾಕ್ರಿ.”

“ಬೆಲ್ಲಾ ಮುಟ್ಟಬ್ಯಾಡ ಅಂದಾವ್ರೂ ನೀವ, ಹಾಕ್ರಿ ಅನ್ನಾವ್ರೂ ನೀವ?”

“ಹೌದ್ರೆವಾ, ಈ ಜಡ್ಡ ಹಂಗ ಐತಿ.”

ಆ ಔಷಧಿ ಯಾವುದರಿಂದ ಮಾಡಿದ್ದು ಎಂದು ನಾನು ಕೇಳಿದಾಗ ಚಾಚಾ ಗೋಡೆಯ ಕಡೆ ನೋಡಿದರು. ಒತ್ತಾಯ ಮಾಡಿದ ಮೇಲೆ, ದನದ ಹೊಟ್ಟೆಯಿಂದ ತೆಗೆದದ್ದು ಎಂದರು. ನಾವು ಲಿಂಗ ಕಟ್ಟಿಕೊಂಡ ಮಂದಿ, ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವುದಿಲ್ಲ. ಇವರಿಗೆ ಗೊತ್ತಾದರೆ ಸೂಜಿಯನ್ನೇ ಬಿಟ್ಟಾರು ಎಂದು ನನಗೆ ಹೆದರಿಕೆ. ಮನೆಗೆ ಬಂದು, “ಗಿಡಮೂಲಿಕಿ ಔಷಧರಿ,” ಎಂದೆ. ಅವರು ನನ್ನ ಮುಖ ನೋಡಿ, “ಹಂಗೇನು,” ಎಂದು ತೋಳು ಚಾಚಿದರು. ಔಷಧಿಯ ಬಾಟಲಿಯನ್ನು ನೀರಿನ ಹರವಿಯ ಕೆಳಗೆ ಹಸಿ ಮರಳಿನಲ್ಲಿ ಇಡುತ್ತಿದ್ದೆ. ಲಿಂಗಪೂಜೆ, ಸೂಜಿ, ರೊಟ್ಟಿ ಎಂದು ನಮ್ಮ ಮುಂಜಾವಿಗೆ ಒಂದು ಕ್ರಮ ಬಂತು. ಎರಡು ತಿಂಗಳಲ್ಲಿ ಕುತ್ತಿಗೆ ಮತ್ತೆ ತುಂಬಿಕೊಂಡಿತು.

ಆದರೆ ಲೈಸನ್ಸಿನ ಅವಧಿ ಮುಗಿಯುತ್ತ ಬಂದಿತ್ತು. ಅದನ್ನು ವರ್ಷಕ್ಕೊಮ್ಮೆ ಬೆಳಗಾವಿಗೆ ಹೋಗಿ ಹೊಸದು ಮಾಡಿಸಬೇಕು. ಮಂದಿಯನ್ನು ಕೂರಿಸಿಕೊಂಡು ಓಡಿಸುವವರು ಡಾಕ್ಟರ ಸಹಿಯ ಕಾಗದವನ್ನೂ ಕೊಡಬೇಕು ಎಂಬ ಕಾಯ್ದೆ ಬಂದಿತ್ತು. ಇವರ ಲೈಸನ್ಸಿನ ಪುಸ್ತಕ ನಮ್ಮ ದೇವರ ಜಗಲಿಯ ಮೇಲೆ ಇರುತ್ತಿತ್ತು. ಅದರಲ್ಲಿ ಅಂಟಿಸಿದ್ದು ಅವರ ಜೀವನದ ಒಂದೇ ಒಂದು ಫೋಟೋ. ದಸರೆಯಲ್ಲಿ ನಾನು ಅದಕ್ಕೂ ಎರಡು ಹೂವು ಏರಿಸುತ್ತಿದ್ದೆ. ಆ ಪುಸ್ತಕ ಹೋದರೆ ಇವರು ಏನಾದಾರು ಎಂಬ ವಿಚಾರ ನನ್ನನ್ನು ತಿನ್ನತೊಡಗಿತು. ಸಾಲಿಯ ಮೆಟ್ಟಿಲು ಹತ್ತದ ಮನುಷ್ಯನಿಗೆ ಊರೂರು ಎದ್ದು ನಿಂತು ಮರ್ಯಾದೆ ಕೊಡುತ್ತಿದ್ದದ್ದು ಆ ಚಕ್ರ ಹಿಡಿದ ಕೈಗೆ.

ಅದಕ್ಕೇ ಹರಕೆ ಹೊತ್ತೆ. ಲೈಸನ್ಸು ಸುಸೂತ್ರವಾಗಿ ಹೊಸದಾಗಲಿ, ಅದಕ್ಕಾಗಿ ಈ ಶ್ರಾವಣದ ಎಲ್ಲ ಸೋಮವಾರ ಗಂಡ ಹೆಂಡತಿ ಇಬ್ಬರೂ ಒಪ್ಪತ್ತು ಇರುತ್ತೇವೆ, ಸಂಜೆಯ ಪೂಜೆಯ ತನಕ ಅನ್ನ ಮುಟ್ಟುವುದಿಲ್ಲ. ಇವರು ಒಪ್ಪಿದರು, ನನ್ನ ಹರಕೆಗೆ ಅವರು ಎಂದೂ ಅಡ್ಡ ಬಂದವರಲ್ಲ. ಮೊದಲ ಸೋಮವಾರ ಮುಂಜಾನೆ ಸೂಜಿ ಹಾಕಿದೆ. ಸೂಜಿ ಊಟವಲ್ಲವಲ್ಲ, ಅದರಿಂದ ಉಪವಾಸ ಹೇಗೆ ಕೆಟ್ಟೀತು? ರೊಟ್ಟಿ ಮಾತ್ರ ಕೊಡಲಿಲ್ಲ. ಸೂಜಿಯಿಂದ ಸಕ್ಕರೆ ಇಳಿಯುತ್ತದೆ, ಉಪವಾಸದಿಂದ ಇನ್ನಷ್ಟು ಇಳಿಯುತ್ತದೆ, ಇಮ್ಮಡಿ ಗುಣ ಎಂದು ಲೆಕ್ಕ ಹಾಕಿ ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಚಾಚಾ ಹೇಳಿದ ಅರ್ಧ ತಾಸಿನ ಮಾತು ಆ ಹಿಗ್ಗಿನಲ್ಲಿ ಮರೆತೇ ಹೋಯಿತು.

ಅವತ್ತು ಹೊಸ ಬಾಟಲಿ ತರಲು ನಾನೂ ಗೋಕಾಕಕ್ಕೆ ಹೊರಟಿದ್ದೆ. ಹೆಂಗಸರ ಬೆಂಚಿನಲ್ಲಿ, ಎಂದಿನಂತೆ ಅವರ ಬೆನ್ನಿಗೆ. ಮಸಗುಪ್ಪಿಯಲ್ಲಿ ಒಬ್ಬ ರೈತ ಕಲ್ಲಿನಂಥ ಬೆಲ್ಲದ ಪೆಂಟಿಯೊಂದನ್ನು ಗೋಣಿಯಲ್ಲಿ ಸುತ್ತಿಕೊಂಡು ಹತ್ತಿದ. ಪಂಚಮಿಯ ಉಂಡಿಗೆ ಗೋಕಾಕದಲ್ಲಿ ಬೆಲ್ಲಕ್ಕೆ ಗಿರಾಕಿ ಇತ್ತು. ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಹೊರಗೆ ಜಿಟಿಜಿಟಿ ಮಳೆ, ತಣ್ಣನೆ ಗಾಳಿ. ಅಂಥದರಲ್ಲಿ ಅವರ ಕುತ್ತಿಗೆಯಿಂದ ಬೆವರು ಇಳಿಯುವುದನ್ನು ನೋಡಿದೆ. ಕೈ ಎತ್ತಿ ನಿಂತ ಮಂದಿಯನ್ನು ಬಿಟ್ಟು ಮೋಟಾರು ಮುಂದೆ ಹೋಯಿತು. ಅವರು ಹಾಗೆ ಯಾರನ್ನೂ ಬಿಟ್ಟು ಹೋದವರಲ್ಲ. “ರೀ, ಏನಾತ್ರಿ?” ಎಂದೆ. “ಎತ್ತಿಗೆ ನೀರ ಕುಡಿಸಿಲ್ಲ,” ಎಂದರು, ನಾಲಿಗೆ ತೊದಲುತ್ತಿತ್ತು. ನಮ್ಮ ಮನೆಯಲ್ಲಿ ಎತ್ತೇ ಇರಲಿಲ್ಲ.

ಆಮೇಲೆ ಮೋಟಾರು ವಾಲಿತು. ಹೆಂಗಸರು ಚೀರಿದರು. ಆದರೆ ಆ ಕೈಗಳು ಅಂಥ ಸ್ಥಿತಿಯಲ್ಲೂ ಗಾಡಿಯನ್ನು ಗೋವಿನಜೋಳದ ಹೊಲದ ಮೆತ್ತನೆಯ ಬದುವಿಗೆ ತಿರುಗಿಸಿ, ಬ್ರೇಕು ಎಳೆದು ನಿಲ್ಲಿಸಿದವು. ನಿಲ್ಲಿಸಿದ ಮೇಲೆಯೇ ಅವರು ಸ್ಟೇರಿಂಗ್ ಚಕ್ರದ ಮೇಲೆ ಬಿದ್ದರು. ನನಗೆ ಚಾಚಾನ ಎರಡನೆಯ ಮಾತು ನೆನಪಾಯಿತು. ಬೆಲ್ಲ ಕಣ್ಣೆದುರಿಗೇ ಇತ್ತು. ಆದರೂ ಒಂದು ಗಳಿಗೆ ನನ್ನ ಕೈ ತಡೆಯಿತು: ಸೋಮವಾರ, ಹರಕೆ, ಬಾಯಿಗೆ ಬೆಲ್ಲ ಹೋದರೆ ಲೈಸನ್ಸೂ ಹೋದಂತೆ. ಆ ಒಂದು ಗಳಿಗೆಗಾಗಿ ನಾನು ಇಂದಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ.

ಡ್ರೈವರ ಸೀಟಿನ ಕೆಳಗಿನ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಎತ್ತಿ ಪೆಂಟಿಗೆ ಹೊಡೆದೆ. “ಏ ಯವ್ವಾ, ಸಂತೀ ಮಾಲ ಅದು!” ಎಂದು ರೈತ ಕೂಗಿದ. ಕೂಗಿದವನೇ ಇವರ ಮುಖ ನೋಡಿ, ತಾನೇ ಬೆಲ್ಲವನ್ನು ಹಿಸುಕಿ ಪುಡಿ ಮಾಡಿ ಕೊಡತೊಡಗಿದ. ಹಲ್ಲಿನ ಸಂದಿಯಲ್ಲಿ, ಕೆನ್ನೆಯ ಒಳಗೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ನಾಲಿಗೆ ಆಡಿತು, ಕಣ್ಣು ತೆರೆದವು. ಸುತ್ತ ನಿಂತವರನ್ನು ನೋಡಿ ಅವರು ಕೇಳಿದ್ದು, “ಯಾರಿಗರೆ ಪೆಟ್ಟ ಆತೇನು?”

ಯಾರಿಗೂ ಆಗಿರಲಿಲ್ಲ. ರೈತ ಗೋಣಿಗೆ ಕೈ ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ ಹೇಳಿದ: “ಕಾಕಾನ ಲೈಸನ್ಸ ಹೊಸಾದು ಮಾಡಸೂ ಹೊತ್ತ ಇದು. ಇಲ್ಲಿ ಏನೂ ಆಗಿಲ್ಲ. ಗಾಡಿ ಕೆಟ್ಟ ನಿಂತಿತ್ತು, ತಿಳೀತಿಲ್ಲೋ?” ಮೂವತ್ತು ಮಂದಿ ಹ್ಞೂಂ ಎಂದರು. ಆಣೆ ಮಾಡಿದರೂ ಮಾತು ನಿಲ್ಲದ ನಮ್ಮ ಊರುಗಳಲ್ಲಿ ಆ ಸುದ್ದಿ ನಿಜವಾಗಿಯೂ ನಿಂತಿತು. ತಿಂಗಳು ಕಳೆದರೂ ಒಬ್ಬರೂ ಬಾಯಿಬಿಡಲಿಲ್ಲ. ನಾನು ಹರಕೆಯನ್ನು ದೇವರ ಪಾದಕ್ಕೇ ಹಾಕಿ, ಮುಂದಿನ ಸೋಮವಾರಗಳಲ್ಲಿ ಇವರಿಗೆ ಎದುರು ಕೂತು ರೊಟ್ಟಿ ತಿನ್ನಿಸಿದೆ.

ಡಾಕ್ಟರ ಸಹಿಗೆಂದು ಗೋಕಾಕಕ್ಕೆ ಹೋದ ದಿನ ಇವರು ರಜೆ ಹಾಕಿದ್ದರು. ಇವರ ಕೈಯಲ್ಲೇ ಕಲಿತ ಹುಕ್ಕೇರಿಯ ಹೊಸ ಡ್ರೈವರ ಗಾಡಿ ತಂದಿದ್ದ. ಡಾಕ್ಟರು ಕಣ್ಣು ನೋಡಿದರು, ಕಿವಿ ನೋಡಿದರು. ಕೊಳವೆ ಕಾಯಿಸಿದರೆ ನೀಲಿ ಬಣ್ಣ ಬರೇ ತುಸು ಹಸಿರಾಯಿತು. “ಭೇಷ್, ತಂಗೀ,” ಎಂದು ನನಗೇ ಹೇಳಿದರು. ನನ್ನ ಎದೆ ಹಗುರಾಯಿತು. ಆಮೇಲೆ ಕಾಗದದ ಮೇಲಿನ ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಕೇಳುತ್ತ ಬಂದರು.

“ಯಾವಾಗರೆ ತಲಿ ತಿರುಗಿ, ಎಚ್ಚರ ತಪ್ಪಿದ್ದು ಐತೇನ್ರಿ?”

“ಇಲ್ರಿ,” ಎಂದೆ ನಾನು. ಗಂಡನನ್ನು ಕೇಳಿದ ಪ್ರಶ್ನೆಗೆ ಹೆಂಡತಿ ಉತ್ತರ ಕೊಡುವುದು ಸರಿಯಲ್ಲ ಎಂಬ ಖಬರೂ ನನಗಿರಲಿಲ್ಲ.

ಇವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. “ಐತ್ರಿ. ಒಂದ ಸಲ. ಗಾಡಿ ನಡಸೂವಾಗ.”

ಡಾಕ್ಟರ ಲೆಕ್ಕಣಿಕೆ ಕಾಗದದ ಮೇಲೆ ನಿಂತಿತು. ನಾನು ಒಂದೇ ಉಸಿರಿನಲ್ಲಿ ಹರಕೆ, ಒಪ್ಪತ್ತು, ಸೂಜಿ ಎಲ್ಲ ಹೇಳಿ, “ತಪ್ಪ ನಂದರಿ, ಅವರದಲ್ಲ,” ಎಂದು ಅತ್ತೆ. ಡಾಕ್ಟರು ಪೂರ್ತಿ ಕೇಳಿಕೊಂಡರು. “ತಂಗೀ, ಕಾರಣ ನನಗ ತಿಳೀತು. ಆದ್ರ ಈ ಕಾಗದ ಕಾರಣ ಕೇಳೂದಿಲ್ಲ. ಮಂದೀ ಮೋಟಾರಿಗೆ ನಾ ಸಹಿ ಮಾಡಾಕ ಆಗೂದಿಲ್ಲ,” ಎಂದರು. ಅವರ ದನಿಯೂ ಚೂರು ಕುಗ್ಗಿತ್ತು. ಇವರು ಎದ್ದು ನಿಂತು ಅವರಿಗೆ ಶರಣು ಮಾಡಿದರು.

ಮೋಟಾರು ನಿಲ್ಲುವಲ್ಲಿಯವರೆಗೆ ನಾವು ನಡೆದೆವು. ಅವತ್ತು ನನ್ನಲ್ಲಿ ಸುಳ್ಳು ಹೊತ್ತುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ನಡೆಯುತ್ತಲೇ, “ಆ ಔಷಧಿ ಗಿಡಮೂಲಿಕಿ ಅಲ್ರಿ. ದನದ್ದು,” ಎಂದೆ.

“ಗೊತ್ತೈತಿ. ಚಾಚಾ ನಿನಗಿಂತ ಮೊದಲ ನನಗ ಹೇಳಿದ್ದ. ನಿನಗ ತಿಳದ್ರ ನೀ ಚುಚ್ಚಂಗಿಲ್ಲ ಅಂತ ನಾ ಸುಮ್ಕಿದ್ದೆ.”

ನಾನು ಅಳುವುದೋ ನಗುವುದೋ ತಿಳಿಯದೆ ಸೆರಗು ಬಾಯಿಗೆ ಒತ್ತಿಕೊಂಡೆ.

ಗಾಡಿ ಹತ್ತಿದಾಗ ಹೊಸ ಡ್ರೈವರ ಎದ್ದು ನಿಂತು ತನ್ನ ಬಾಜೂ ಜಾಗ ತೋರಿಸಿದ. ಇವರು ಬೇಡವೆಂದು ತಲೆಯಾಡಿಸಿ ಹೆಂಗಸರ ಬೆಂಚಿಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಉಳಿದ ಹೆಂಗಸರು ಸರಿದು ಜಾಗ ಬಿಟ್ಟರು. ಹದಿನೆಂಟು ವರ್ಷದಲ್ಲಿ ಮೋಟಾರಿನಲ್ಲಿ ಅವರ ಮುಖ ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಿರುವು ಬಂದಾಗಲೆಲ್ಲ ಅವರ ಬಲಗಾಲು ಹಲಗೆಯನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕು ಇರಲಿಲ್ಲ.

ಮಸಗುಪ್ಪಿಯಲ್ಲಿ ಆ ಬೆಲ್ಲದ ರೈತ ಹತ್ತಿದ. “ಕಾಕಾ, ಸಹಿ ಆತಿಲ್ಲೋ?” ಇಡೀ ಗಾಡಿ ಕಿವಿಯಾಯಿತು. “ಇಲ್ಲೋ ತಮ್ಮಾ. ನಾನ ಹೇಳಿಬಿಟ್ಟೆ,” ಎಂದರು. ರೈತನಿಗೆ ಸಿಟ್ಟು ನೆತ್ತಿಗೇರಿತು. “ನಾವ ಮೂವತ್ತ ಮಂದಿ ತಿಂಗಳ ಪೂರಾ ಬಾಯಿ ಕಟಗೊಂಡ ಕುಂತೀವಿ, ನೀವ ಹೋಗಿ…” ಎಂದವನು ಕಿಟಕಿಯ ಕಡೆ ತಿರುಗಿ ಕೂತ. ನನಗೂ ಅದೇ ಸಿಟ್ಟು. ಮೋಟಾರು ಹೊರಟ ಮೇಲೆ ಮೆಲ್ಲಗೆ ಕೇಳಿದೆ.

“ಅವ್ರೆಲ್ಲಾ ಹೇಳೂದಿಲ್ಲ ಅಂದಿದ್ರಲ್ರಿ. ಮತ್ಯಾಕ ಹೇಳಿದ್ರಿ?”

ಮುಂದೆ ತಿರುವು ಬಂತು. ಅವರ ಕಾಲು ಮತ್ತೆ ಹಲಗೆಯನ್ನು ಒತ್ತಿತು. ದಾರಿಯಿಂದ ಕಣ್ಣು ತೆಗೆಯದೆಯೇ ಹೇಳಿದರು.

“ಅವತ್ತ ಗಾಡಿ ವಾಲಿದಾಗ ಆ ಮೂವತ್ತರಾಗ ನೀನೂ ಇದ್ದಿ.”

ನಾನು ಸೆರಗಿನ ಮರೆಯಲ್ಲಿ ಅವರ ಮೊಣಕಾಲಿನ ಮೇಲೆ ಕೈ ಇಟ್ಟೆ. ಮೂಡಲಗಿ ಬರುವ ತನಕ ತೆಗೆಯಲಿಲ್ಲ.