ಎಡಕ್ಕೆ ಸುತ್ತಿದ ಗೆರೆ

ತೊಂಬತ್ತರ ದಶಕದ ಕೊನೆಯ ಮಾತು. ಬಾಬುರಾಯನಕೊಪ್ಪಲಿನ ಹತ್ತಿರ, ಮೈಸೂರು ರಸ್ತೆಯಲ್ಲಿ ಒಂದು ಸಣ್ಣ ತಗಡಿನ ವರ್ಕ್‌ಶಾಪು. ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ದೊಡ್ಡ ದೊಡ್ಡ ಲಾಳಿಕೆಗಳನ್ನು ಅಲ್ಲಿ ಮಾಡುತ್ತಿದ್ದರು. ಅವುಗಳ ನಕ್ಷೆಯನ್ನು ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುವುದು ನಮ್ಮ ಮನೆಯವರ ಕೆಲಸ. ಬೇರೆ ಯಾವ ಕೆಲಸವೂ ಅವರಿಗೆ ಬಾರದು.

ಆ ವರ್ಷ ವರ್ಕ್‌ಶಾಪಿನ ಸಾಹುಕಾರರು ಹಲಗೆಯನ್ನು ಗೋಡೆಗೆ ಒರಗಿಸಿ ಕಂಪ್ಯೂಟರ್ ತಂದಿಟ್ಟರು. ಅದಕ್ಕೆ ಹೊಸ ಸಾಫ್ಟ್‌ವೇರೂ ಬಂತು. ಕೆಳಗೊಂದು ಚೌಕ, ಮೇಲೊಂದು ವೃತ್ತ ಬರೆದುಕೊಟ್ಟರೆ ಸಾಕು, ಚೌಕ ಮೆಲ್ಲಗೆ ಗುಂಡಾಗುವ ಹಾಗೆ ನಡುವಿನ ಮೈಯನ್ನೆಲ್ಲ ಅದೇ ತುಂಬುತ್ತದಂತೆ. "ಸೋಮವಾರ ಒಂದು ಲಾಳಿಕೆ ಮಾಡಿ ತೋರಿಸಿ. ಆಗಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೊಬೇಕಾಯ್ತದೆ" ಅಂದರಂತೆ.

ಶನಿವಾರ ಮನೆಗೆ ಬಂದ ಇವರು ಬಿದಿರಿನ ಕುಕ್ಕೆಯನ್ನು ಎತ್ತಿಕೊಂಡು ಕೂತರು. "ನೋಡೆ, ತಳ ಚೌಕ, ಬಾಯಿ ಗುಂಡು. ಇಂಗೇ ಬರಬೇಕು. ನಂಗೆ ಮಾತ್ರ ತಿರುಚ್ಕೊಂಡು ಬತ್ತದೆ."

ನಮ್ಮತ್ತೆ ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸಿ, "ಕುಕ್ಕೆ ಹೆಣೆಯೋಳು ಯಾವ ಕಂಪ್ಯೂಟರ್ ಪೆಟ್ಟಿಗೆಯ ಕೇಳಿದ್ಲಲಾ?" ಅಂದರು. ಬೇರೆ ದಿನವಾಗಿದ್ದರೆ ಇವರು ನಗುತ್ತಿದ್ದರು. ಅವತ್ತು ಎದ್ದು ಹೊಳೆ ಕಡೆ ಹೋದರು.

ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಹೊಳೆಗೆ ಹೋದವರು ಏನು ಮಾಡಿಕೊಂಡರೋ ಎಂದು ಬೆಂಕಿಪೊಟ್ಟಣ ಹಿಡಿದು ಕತ್ತಲಲ್ಲೇ ಕೂತಿದ್ದೆ. ಬಾಗಿಲಲ್ಲಿ ಚಪ್ಪಲಿ ಸದ್ದಾದ ಮೇಲೆಯೇ ದೀಪ ಹಚ್ಚಿದ್ದು. ಬಂದರಲ್ಲ, ಅಷ್ಟು ಸಾಕು ರಂಗನಾಥ ಅಂದುಕೊಂಡೆ. ಅವರು ಉಣ್ಣದೆ ಗೋಡೆ ಕಡೆ ತಿರುಗಿ ಮಲಗಿದರು.

ಭಾನುವಾರ ವರ್ಕ್‌ಶಾಪಿಗೆ ರಜೆ. ಆದರೂ ಬೀಗದ ಕೈ ಇಸಕೊಂಡು ಒಬ್ಬರೇ ಹೋದರು. ಬೆಳಿಗ್ಗೆ ನಾನು ರಂಗನಾಥನ ಗುಡಿಗೆ ಹೋಗಿ ಕಾಲು ಸೋಲುವವರೆಗೂ ಪ್ರದಕ್ಷಿಣೆ ಬಂದೆ. ಆಮೇಲೆ ಕ್ಯಾರಿಯರ್‌ನಲ್ಲಿ ಮುದ್ದೆ, ಉಪ್ಸಾರು ಹಾಕಿಕೊಂಡು ವರ್ಕ್‌ಶಾಪಿಗೆ ಹೋದೆ.

ಕಂಪ್ಯೂಟರ್ ರೂಮಿನ ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಅವರು ತಲೆ ಮೇಲೆ ಕೈಹೊತ್ತು ಕೂತಿದ್ದರು. ಪರದೆಯ ಮೇಲಿನ ಲಾಳಿಕೆ ನಡುವಿಗೆ ಬರುವಷ್ಟರಲ್ಲಿ ಸೀರೆ ಹಿಂಡಿದ ಹಾಗೆ ಮುರುಟಿಕೊಂಡಿತ್ತು.

"ಆಗಲ್ಲ ಕಣೆ, ಇದು ನನ್ನ ಕೈಲಿ ಆಗಲ್ಲ" ಅಂದರು. ಗಂಡಸು ಅಳುವುದನ್ನು ನೋಡಬಾರದು ಅನ್ನುತ್ತಾರೆ, ನಾನು ನೋಡಿದೆ.

"ಇನ್ನೊಂದೇ ಸಲ ನನ್ನ ಮುಂದೆ ಮಾಡ್ರೀ. ಆಮೇಲೆ ಉಂಡುಬುಟ್ಟು ಮನೆಗೆ ಹೋಗಾಣ."

ಮೌಸು ಹಿಡಿದು ಚೌಕ ಬರೆದರು. ಮನೆಗೆ ಪಾಯ ಗುರುತು ಹಾಕಿದರೂ, ರಂಗೋಲಿಗೆ ಅಂಚು ಎಳೆದರೂ ನಮ್ಮಲ್ಲಿ ಬಲಕ್ಕೇ ಸುತ್ತುವುದು. ಇವರ ಕೈಯೂ ಹಾಗೇ ಸುತ್ತಿತು. ಆಮೇಲೆ ಮೇಲಿನ ವೃತ್ತ. ಎರಡನ್ನೂ ಒತ್ತಿದಾಗ ಒಂದೊಂದರ ಮೇಲೂ ಪುಟ್ಟ ಬಾಣ ಮೂಡಿತು.

"ಈ ಬಾಣ ಯಾಕ್ರೀ?"

"ಗೆರೆ ಯಾವ ಕಡೆ ಸುತ್ತದೆ ಅಂತ."

"ಎರಡೂ ಎದುರುಬದುರು ಹೋಯ್ತಾವಲ್ಲ?"

ಅವರು ಪರದೆಗೆ ಮುಖ ಹತ್ತಿಸಿ ನೋಡಿದರು. ವೃತ್ತವನ್ನು ಸುತ್ತುವುದು ಕಂಪ್ಯೂಟರೇ. ಅದು ಎಡಕ್ಕೆ ಸುತ್ತುತ್ತಿತ್ತು, ಇವರ ಚೌಕ ಬಲಕ್ಕೆ. ಕೂಡಿಸುವಾಗ ಗೆರೆಗೆ ಗೆರೆ ಅಡ್ಡಬಿದ್ದು ಮೈ ತಿರುಚುತ್ತಿತ್ತು.

"ಹಂಗಾದ್ರೆ ಚೌಕವನ್ನೂ ಎಡಕ್ಕೆ ಸುತ್ತಬೇಕು" ಅಂದರು. ಆದರೆ ಕೈ ಮೇಲೇಳಲಿಲ್ಲ. "ಎಡಕ್ಕೆ ಸುತ್ತೋದು ಮಸಾಣದಲ್ಲಿ ಕಣೆ. ಅಪ್ಪನ ಚಿತೆಗೆ ಸುತ್ತಿದ್ದೆ. ಅನ್ನ ಕೊಡೋ ಕೆಲಸದಲ್ಲಿ ಅದ ಮಾಡಲಾ?"

ಬೆಳಿಗ್ಗೆ ತಾನೇ ಬಲಕ್ಕೆ ಸುತ್ತಿ ಬಂದವಳು ನಾನು. ತಾಳಿ ಹಿಡಿದುಕೊಂಡು, "ತಗಡಿಗೆ ಯಾವ ಸೂತಕಾರೀ? ನಾನು ಹೇಳ್ತಾ ಇವ್ನಿ, ಸುತ್ತಿ" ಅಂದೆ.

ಸುತ್ತಿದರು. ಲಾಳಿಕೆ ನಮ್ಮ ಕುಕ್ಕೆಯ ಹಾಗೆ ನುಣ್ಣಗೆ ಎದ್ದು ನಿಂತಿತು. ಮುದ್ದೆ ಆರಿ ಕಲ್ಲಾಗಿತ್ತು, ಅದನ್ನೇ ಉಂಡರು.

ಸೋಮವಾರ ಸಂಜೆ ಹಲಗೆಯನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಕೆಲಸ ಹೋಯಿತು ಅಂದುಕೊಂಡೆ. ಕಾಲು ತೊಳೆಯುತ್ತಾ ಅಂದರು, "ಹಲಗೆ ಇನ್ನು ಬ್ಯಾಡವಂತೆ. ನಾನು ಈ ಸಲ ಕಬ್ಬು ಅರೆಯೋದು ಮುಗಿಯೋಗಂಟ ಇರಬೇಕಂತೆ."

"ಆಮ್ಯಾಲೆ?" ಅಂದರು ಅತ್ತೆ.

"ನೋಡಾಣ ಅಂದವ್ರೆ."

ಬೇಸಿಗೆ ಬಂದರೆ ಅರೆಯುವುದು ನಿಲ್ಲುತ್ತದೆ, ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಹಲಗೆಯನ್ನು ತೊಳೆದು ಸಂಡಿಗೆ ಒಣಹಾಕಲು ಇಟ್ಟುಕೊಂಡೆ. ಮಾರನೆ ಬೆಳಿಗ್ಗೆ ಗುಡಿಗೆ ಹೋಗಿ ಎಂದಿನಂತೆ ಬಲಕ್ಕೇ ಸುತ್ತಿದೆ. ಅವರು ಎಡಕ್ಕೆ ಸುತ್ತಿದ್ದರಲ್ಲಿ ತಪ್ಪೇನಾದರೂ ಇದ್ದರೆ ಹೇಳಿದವಳ ಮೇಲಿರಲಿ ಸ್ವಾಮಿ, ಅವರ ಅನ್ನದ ಮೇಲೆ ಬೇಡ ಎಂದು ಕೈಮುಗಿದೆ.