ಎಣ್ಣೆಯ ಬಣ್ಣ ನೋಡುತ್ತಿದ್ದ ಚಾಚಾ

ಅವರ ಹತ್ತು ಉಗುರುಗಳೂ ಕಂದು ಬಣ್ಣಕ್ಕೆ ತಿರುಗಿದ್ದವು. ಮದರಂಗಿ ಇರಬೇಕೆಂದು ನಾನು ಮೊದಲ ದಿನವೇ "ಮನೇಲಿ ಮದುವೇನಾ?" ಎಂದು ಕೇಳಿಬಿಟ್ಟೆ. ಅವರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಇಲ್ಲ ಮೇಡಂ, ಮ್ಯಾಂಗನೀಸು. ಸೋಪಿಗೆಲ್ಲ ಹೋಗಾಕಿಲ್ಲ."

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಾರ್ಖಾನೆ. ಹಳೆಯ ಬ್ಯಾಟರಿಗಳನ್ನು ಅರೆದ ಕಪ್ಪು ಪುಡಿ ಅಲ್ಲಿಗೆ ಮೂಟೆಗಳಲ್ಲಿ ಬರುತ್ತದೆ. ಅದನ್ನು ಆಸಿಡ್‌ನಲ್ಲಿ ಕರಗಿಸಿ, ಆ ನೀರಿನಲ್ಲಿ ಬೆರೆತುಹೋದ ಮ್ಯಾಂಗನೀಸ್, ಕೋಬಾಲ್ಟ್, ನಿಕಲ್‌ಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುವುದು ನಮ್ಮ ಕೆಲಸ. ನಾನು ಎಂ.ಎಸ್ಸಿ. ಮುಗಿಸಿ ಲ್ಯಾಬ್‌ಗೆ ಸೇರಿದವಳು. ಅವರು ತೊಟ್ಟಿಗಳ ಉಸ್ತುವಾರಿ. ಹುಣಸೂರಿನಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಮನೆತನದವರು. ಕಾರ್ಖಾನೆಗೆಲ್ಲ ಅವರು ಚಾಚಾ.

ಸೀಮೆಎಣ್ಣೆಗೆ ಒಂದು ರಾಸಾಯನಿಕ ಬೆರೆಸಿ ಆ ನೀರಿನ ಜೊತೆ ಕಲಕಿದರೆ, ಆಸಿಡ್‌ನ ಹುಳಿ ಹದವಾಗಿದ್ದಾಗ ಮ್ಯಾಂಗನೀಸ್ ಮಾತ್ರ ಮೇಲಿನ ಎಣ್ಣೆಗೆ ಏರುತ್ತದೆ. ಹುಳಿ ತಗ್ಗಿತೋ, ಕೋಬಾಲ್ಟ್ ಕೂಡ ಹಿಂದೆಯೇ ನುಗ್ಗಿ ಎಣ್ಣೆಯನ್ನು ನೀಲಿ ಮಾಡುತ್ತದೆ. ಹುಳಿ ಅಳೆಯುವ ಮೀಟರ್ ನನ್ನ ಜವಾಬ್ದಾರಿ. ಎರಡನೆಯ ವಾರ ಒಂದು ಬೆಳಿಗ್ಗೆ ಚಾಚಾ ಲ್ಯಾಬ್ ಬಾಗಿಲಿಗೆ ಬಂದು ನಿಂತರು.

"ಮೇಡಂ, ನಿಮ್ ಮೀಟ್ರು ಸುಳ್ಳೇಳ್ತೈತೆ. ಎಣ್ಣೆ ನೀಲಿ ತಿರುಗ್ತೈತೆ, ಬಂದ್ ನೋಡಿ."

ಮೀಟರ್ ಸರಿಯಾಗಿದೆ ಎಂದು ನಾನು ವಾದಿಸಿದೆ. ಅವರು ವಾದಿಸಲಿಲ್ಲ. "ಇನ್ನೊಂದು ಮೀಟ್ರು ಇಟ್ಟು ನೋಡಿ, ನಾನ್ ಕಾಯ್ತೀನಿ," ಎಂದು ಅಲ್ಲೇ ನಿಂತರು. ಇನ್ನೊಂದು ಮೀಟರ್ ಬೇರೆಯೇ ಅಂಕಿ ತೋರಿಸಿತು. ಬೆಳಿಗ್ಗೆ ನಾನು ನನ್ನ ಮೀಟರನ್ನು ಸರಿಹೊಂದಿಸುವುದನ್ನೇ ಮರೆತಿದ್ದೆ. ಆ ಎಣ್ಣೆಯನ್ನು ತೊಳೆದು ಕೋಬಾಲ್ಟನ್ನು ಮತ್ತೆ ನೀರಿಗೆ ಇಳಿಸಲು ಎರಡು ದಿನ ಬೇಕಾಯಿತು. ದಿನಚರಿ ಪುಸ್ತಕದಲ್ಲಿ ಅವರು ಬರೆದದ್ದು ಇಷ್ಟೇ: 'ಮೀಟರ್ ಸರಿಯಿರಲಿಲ್ಲ. ಎಣ್ಣೆ ತೊಳೆದಿದೆ.' ನನ್ನ ಹೆಸರು ಎಲ್ಲೂ ಇರಲಿಲ್ಲ. ಅಂದಿನಿಂದ ನಾನು ಮೇಡಂ ಅಲ್ಲ, ಬೇಟಿ.

ಎಣ್ಣೆಯಿಂದ ಇಳಿಸಿದ ಮ್ಯಾಂಗನೀಸನ್ನು ಕೊನೆಗೆ ಒಣಗಿಸಿ ಪುಡಿ ಮಾಡುತ್ತಾರೆ. ಬೆಟ್ಟದಪುರದ ಕಡೆಯ ನಾಲ್ವರು ಹೆಂಗಸರು ಅದನ್ನು ಒಂದು ಕೋಣೆಯಲ್ಲಿ ಕೂತು ಚೀಲಕ್ಕೆ ತುಂಬುತ್ತಿದ್ದರು. ಒಂದು ದಿನ ಆ ಕೋಣೆಯ ಧೂಳು ಎಳೆಯುವ ಫ್ಯಾನ್ ಸುಟ್ಟುಹೋಯಿತು. ಸಂಜೆ ಲಾರಿ ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮುಗಿಸಿ ಎಂದು ಮ್ಯಾನೇಜರ್ ಹೇಳಿದರು. ಚಾಚಾ ಯಂತ್ರ ನಿಲ್ಲಿಸಿ, ಹೆಂಗಸರನ್ನು ಹೊರಗೆ ಕರೆದು, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಟ್ಟುಕೊಂಡರು.

"ಫ್ಯಾನ್ ಬರ್ಲಿ ಸಾರ್, ತೆಗೀತೀನಿ."

ಮ್ಯಾನೇಜರ್ ಕೂಗಾಡಿದರು. ನಾಳೆಯಿಂದ ಬರುವುದೇ ಬೇಡ ಎಂದರು. ಚಾಚಾ, "ವಯಸ್ಸಲ್ಲಿದ್ದಾಗ ಬೇರೆ ಕಡೆ ಮ್ಯಾಂಗನೀಸ್ ಅರೆಯೋ ಮಿಲ್ಲಲ್ಲಿದ್ದೆ ಸಾರ್. ಹನ್ನೆರಡು ವರ್ಷ ಈ ಪುಡೀನೇ ಉಸುರಾಡಿವ್ನಿ. ನನ್ ನಡಿಗೆ ನೋಡಿ," ಎಂದವರೇ ಎಲ್ಲರ ಎದುರು ಅಂಗಳದ ಆ ತುದಿಯವರೆಗೆ ನಡೆದು ತೋರಿಸಿದರು. ಪುಟ್ಟ ಪುಟ್ಟ ಹೆಜ್ಜೆ, ನೆಲ ಬಿಡದ ಪಾದ, ಬೀಸದ ಬಲಗೈ. ಮಂಡಿನೋವು ಎಂದೇ ಅದುವರೆಗೆ ನಾವೆಲ್ಲ ತಿಳಿದಿದ್ದೆವು. ತಿರುಗುವಾಗ ಮುಗ್ಗರಿಸಿದರು. ಹೆಂಗಸರಲ್ಲಿ ಹಿರಿಯಳು ಓಡಿಹೋಗಿ, "ಸಾಕು ಬುಡಣ್ಣ, ನಡೀಬ್ಯಾಡ," ಎಂದು ತೋಳು ಹಿಡಿದಳು. ಮ್ಯಾನೇಜರ್ ಒಳಗೆ ಹೋದರು.

ಮೂರನೆಯ ದಿನ ಹೊಸ ಫ್ಯಾನ್ ಬಂತು. ಸರಿಯಾದ ಮಾಸ್ಕ್‌ಗಳು ಬಂದವು. ಎಲ್ಲರಿಗೂ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಎಂದಾಯಿತು. ಚಾಚಾಗೆ ಮಾತ್ರ ವಿಶ್ರಾಂತಿಯ ನೆಪದಲ್ಲಿ ಗೇಟಿನ ಬಳಿ ಕುರ್ಚಿ ಹಾಕಿ, ಬರುವ ಹೋಗುವ ಡ್ರಮ್‌ಗಳನ್ನು ಬರೆದಿಡಲು ಕೂರಿಸಿದರು. ತೊಟ್ಟಿಗಳ ಕಡೆ ಹೋಗಲು ಅಪ್ಪಣೆ ಇರಲಿಲ್ಲ. ಅವರ ಅಕ್ಷರ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತಾ ಹೋಯಿತು. ಓದಲಾಗುತ್ತಿಲ್ಲ ಎಂದರೆ, "ದೊಡ್ಡದಾಗೇ ಶುರು ಮಾಡ್ತೀನಿ ಬೇಟಿ, ಅದೇ ಕುಗ್ಗೋಯ್ತದೆ," ಎನ್ನುತ್ತಿದ್ದರು.

ಮೈಸೂರಿನ ವೈದ್ಯರು ಮಾತ್ರೆ ಕೊಟ್ಟರು. ಹೆಚ್ಚು ಉಪಯೋಗವಾಗಲಿಲ್ಲ. ಮಿದುಳಿನಲ್ಲಿ ಕೂತ ಮ್ಯಾಂಗನೀಸ್‌ನಿಂದ ಆದ ಪೆಟ್ಟು ಸರಿಹೋಗುವುದು ಕಷ್ಟ ಎಂದರಂತೆ. "ತೊಟ್ಟೀಲಿದ್ದಿದ್ರೆ ನಾನೇ ತೆಗೀತಿದ್ದೆ," ಎಂದರು ಚಾಚಾ. ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಮೀಟರ್ ಮುಂದೆ ಕೂತೆ. ಆ ವರ್ಷವೆಲ್ಲ ನನಗೆ ಯಾವ ಕೆಲಸವೂ ಬೇಡವೆನಿಸುತ್ತಿತ್ತು. ಆದರೂ ಹೋಗುತ್ತಿದ್ದೆ.

ಅವರು ಹಾಸಿಗೆ ಹಿಡಿದ ಮೇಲೆ ನೋಡಲು ಹೋದೆ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೊಸ ಹುಡುಗಿಯೊಬ್ಬಳು ನಿಕಲ್‌ನ ಹಸಿರು ನೀರನ್ನು ಶರಬತ್ತಿನ ಬಣ್ಣವೆಂದು ಹೊಗಳಿದ್ದನ್ನು ಹೇಳಿದೆ. ಅವರು ನನ್ನನ್ನೇ ದಿಟ್ಟಿಸುತ್ತಿದ್ದರು. ಬೇಸರವಾಯಿತೇನೋ ಎಂದು ಏಳಲು ಹೊರಟೆ. ಅವರ ಹೆಂಡತಿ ನನ್ನ ಕೈ ಹಿಡಿದು ಕೂರಿಸಿದರು.

"ನಗ್ತಾವ್ರೆ ಕಣಮ್ಮ. ಮೊಕಕ್ಕೆ ಆಗಲ್ಲ, ಅಷ್ಟೆ. ಇನ್ನೊಂದ್ ಗಳಿಗೆ ಇರು."

ಸಂಜೆಯವರೆಗೆ ಇದ್ದೆ. ಅದಾದ ಹದಿನೈದು ದಿನಕ್ಕೆ ಅವರು ತೀರಿಕೊಂಡರು. ಬೆಟ್ಟದಪುರದ ನಾಲ್ವರೂ ಬಂದಿದ್ದರು. ಗಂಡಸರು ಮಣ್ಣಿಗೆ ಹೋದಾಗ ನಾವು ಐವರು ಅವರ ಹೆಂಡತಿಯ ಸುತ್ತ ಕೂತಿದ್ದೆವು. ರಜೆ ಇರಲಿಲ್ಲ. ಮಧ್ಯಾಹ್ನದ ಪಾಳಿಗೆ ಹಿಂತಿರುಗಿದೆವು.

ಲ್ಯಾಬ್‌ನ ಮೇಜಿನ ಮೇಲೆ ಆ ವರ್ಷದ ತಪಾಸಣೆಯ ವರದಿಗಳು ಬಂದು ಬಿದ್ದಿದ್ದವು. ಒಂದೊಂದಾಗಿ ತೆರೆದು ಹೆಂಗಸರಿಗೆ ಓದಿ ಹೇಳಿದೆ. ನಾಲ್ವರಿಗೂ ಏನೂ ಇರಲಿಲ್ಲ. ನನಗೂ ಏನೂ ಇರಲಿಲ್ಲ.