ಮೇಲೆ ಬಿಳಿ, ಕೆಳಗೆ ಕೆಂಪು

ಕ್ರೀಡಾಂಗಣದ ಮುಂದಿನ ಅಂಗಳದಲ್ಲಿ ಹದಿನೈದು ಕಂಬಗಳು ಸಾಲಾಗಿ ನಿಂತಿವೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊದಲ ಕಂಬದ ಬುಡದಲ್ಲಿ ಮಂಡಿಯೂರಿ ಕುಳಿತವರೊಬ್ಬರು ಹಗ್ಗವನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಿದ್ದಾರೆ. ಎಲ್ಲಾದರೂ ಎಳೆ ಬಿಟ್ಟಿದೆಯೇ ಎಂದು ಬೆರಳು ನೋಡುತ್ತಿದೆ. ಮೇಲೆ ರಾಟೆ ಕಿರ್ರೆನ್ನುತ್ತದೆಯೇ ಎಂದು ಕಿವಿ ಕೇಳುತ್ತಿದೆ. ಒಂದು ಕಂಬ ಮುಗಿದ ಮೇಲೆ ಮೊಣಕಾಲಿನ ಧೂಳು ಕೊಡವಿಕೊಂಡು ಮುಂದಿನದಕ್ಕೆ ಹೋಗುತ್ತಾರೆ.

"ಹಗ್ಗದಣ್ಣಾ, ಇವತ್ತು ಹಗ್ಗಕ್ಕೂ ಸ್ನಾನ ಮಾಡಿಸಿದ್ದೀರಾ?" ಎಂದು ಗೇಟಿನ ಕಾವಲುಗಾರ ಕೂಗುತ್ತಾನೆ.

"ನಿನಗಿಂತ ಮೊದಲು ಅದಕ್ಕೇ ಆಯ್ತಪ್ಪ" ಎನ್ನುತ್ತಾರೆ ಇವರು, ತಲೆ ಎತ್ತದೆ.

ನಗೆಯ ಮಾತೇನೋ ಬಂತು, ಮುಖದಲ್ಲಿ ನಗೆಯಿಲ್ಲ. ಜಗತ್ತಿನ ನೂರಾರು ದೇಶಗಳ ಆಟಗಾರರು ಸೇರುವ ಮಹಾ ಕ್ರೀಡಾಕೂಟವನ್ನು ಯಾವ ಊರಿಗೆ ಕೊಡಬೇಕೆಂದು ನಿರ್ಧರಿಸುವ ಸಮಿತಿ ಈ ಬೆಳಿಗ್ಗೆ ಇಲ್ಲಿಗೆ ಬರಲಿದೆ. ಕಣದಲ್ಲಿ ಉಳಿದಿರುವುದು ಎರಡೇ ಊರು. ಇನ್ನೊಂದು ಊರನ್ನು ಸಮಿತಿಯವರು ಆಗಲೇ ನೋಡಿ ಬಂದಿದ್ದಾರೆ. ಕಾರಿನಿಂದ ಇಳಿದ ಕೂಡಲೇ ಅವರ ಕಣ್ಣಿಗೆ ಬೀಳುವುದು ಈ ಹದಿನೈದು ಕಂಬಗಳು. ಸಮಿತಿಯ ಒಬ್ಬೊಬ್ಬ ಸದಸ್ಯರ ದೇಶಕ್ಕೂ ಒಂದೊಂದು ಬಾವುಟ, ನಟ್ಟನಡುವಿನ ಕಂಬದಲ್ಲಿ ಅಧ್ಯಕ್ಷರ ದೇಶದ್ದು.

ಬಾವುಟ ಏರಿಸುವವರು ಹಗ್ಗದಣ್ಣ. ಹೊಲಿಯುವವರು ಅವರ ಅಕ್ಕ. ಕ್ರೀಡಾಂಗಣದ ಹಿಂದಿನ ಓಣಿಯ ಎರಡು ಕೋಣೆಯ ಮನೆಯಲ್ಲಿ, ಕಿಟಕಿಗೆ ಒತ್ತಿಟ್ಟ ಹೊಲಿಗೆ ಯಂತ್ರದ ಮುಂದೆ, ಆಕೆ ಮೂವತ್ತು ವರ್ಷಗಳಿಂದ ದೇಶಗಳನ್ನು ಹೊಲಿಯುತ್ತಿದ್ದಾರೆ. ಮೊದಮೊದಲು ಆಟಗಾರರ ಅಂಗಿಯ ಬೆನ್ನಿಗೆ ಅಂಕಿಗಳನ್ನು ಹೊಲಿಯುತ್ತಿದ್ದರಂತೆ. ಆಮೇಲೆ ಬಾವುಟದ ಕೆಲಸ ಬಂತು. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ತೊದಲು ಮಾತಿನವನು, ಅಕ್ಕ ಆಗ ತಾನೆ ಬುದ್ಧಿ ಬಂದ ಹುಡುಗಿ. ಅಂದಿನಿಂದ ಉಣ್ಣಿಸಿದವಳು, ಬೈದವಳು, ಶಾಲೆಗೆ ಅಟ್ಟಿದವಳು, ಕೊನೆಗೆ ಇದೇ ಕ್ರೀಡಾಂಗಣದಲ್ಲಿ ಕೈಕಾಲು ಹಿಡಿದು ಕೆಲಸ ಕೊಡಿಸಿದವಳೂ ಅವಳೇ.

"ನನಗೆ ಅಮ್ಮನ ಮುಖ ನೆನಪಿಲ್ಲ" ಎನ್ನುತ್ತಾರೆ ಹಗ್ಗದಣ್ಣ. "ಅಮ್ಮ ಅಂದ್ರೆ ಕಣ್ಮುಂದೆ ಬರೋದು ಅಕ್ಕನೇ. ಅದೂ ಬಾಯಲ್ಲಿ ದಾರ ಕಚ್ಕೊಂಡಿರೋ ಅಕ್ಕ."

ಆ ಅಕ್ಕನ ಕಣ್ಣು ಒಂದು ವರ್ಷದಿಂದ ಮಂಜಾಗುತ್ತಿದೆ. ಲೋಟಕ್ಕೆ ಬಗ್ಗಿಸಿದ ನೀರು ಮೇಜಿನ ಮೇಲೆ ಬೀಳುತ್ತದೆ. ಓಣಿಯಲ್ಲಿ ಎದುರು ಬಂದವರನ್ನು ಧ್ವನಿ ಕೇಳಿದ ಮೇಲೆ ಗುರುತಿಸುತ್ತಾರೆ. ಕೇಳಿದರೆ ಒಂದೇ ಉತ್ತರ: "ಬೆಳಕು ಕಮ್ಮಿ ಇತ್ತು ಕಣೋ." ನಡುಹಗಲಲ್ಲೂ ಬೆಳಕು ಕಮ್ಮಿ. ಕಣ್ಣಿನ ಡಾಕ್ಟರ ಹೆಸರೆತ್ತಿದರೆ ಸಾಕು, ಮಾತು ನಿಲ್ಲಿಸಿಬಿಡುತ್ತಾರೆ. ಡಾಕ್ಟರು ಹೊಲಿಗೆ ಬಿಡು ಎಂದುಬಿಟ್ಟರೆ ತನಗೆ ಉಳಿಯುವುದೇನು ಎಂಬ ಭಯ ಅವರದು. ಅದು ತಮ್ಮನಿಗೂ ಗೊತ್ತು.

ಹಾಗಾಗಿ ತಮ್ಮ ಒಂದು ಉಪಾಯ ಮಾಡಿದರು. ಅಕ್ಕ ಹೊಲಿದುಕೊಟ್ಟ ಬಾವುಟಗಳನ್ನು ಕಂಬಕ್ಕೆ ಕಟ್ಟುವ ಮೊದಲು ಕ್ರೀಡಾಂಗಣದ ತಮ್ಮ ಕೋಣೆಯಲ್ಲಿ ಹರಡಿ, ಗೋಡೆಯ ಮೇಲಿನ ಬಾವುಟಗಳ ಪಟದೊಡನೆ ಹೋಲಿಸಿ ನೋಡತೊಡಗಿದರು. ಒಮ್ಮೆ ಒಂದು ನಕ್ಷತ್ರ ವಾಲಿತ್ತು. ಇನ್ನೊಮ್ಮೆ ಎರಡು ಪಟ್ಟಿಗಳು ಅದಲು ಬದಲಾಗಿದ್ದವು. ಎರಡು ಸಲವೂ ತಾವೇ ಬಿಚ್ಚಿ, ತಾವೇ ಹೊಲಿದು, ತುಟಿ ಹೊಲಿದುಕೊಂಡು ಕುಳಿತರು. ಅಕ್ಕನಿಗೆ ಹೇಳಲಿಲ್ಲ.

"ಹೇಗೆ ಹೇಳೋದು? ಸಾಕಿದವಳ ಎದುರು ನಿಂತು ನಿನ್ನ ಕೆಲಸ ಕೆಡ್ತಿದೆ ಅನ್ನೋದಕ್ಕೆ ನಾಲಿಗೆ ಬರಬೇಕಲ್ಲ."

ಸಮಿತಿ ಬರುವ ಸುದ್ದಿ ಬಂದಾಗ ಕ್ರೀಡಾಂಗಣದ ಮ್ಯಾನೇಜರು ಇವರನ್ನು ಕರೆದು ಹೇಳಿದ್ದರು: "ಆಟ ನಮ್ಮೂರಿಗೆ ಸಿಕ್ಕಿದ್ರೆ ಎಲ್ಲಾ ದೇಶದ ಬಾವುಟಾನೂ ನಿಮ್ಮಕ್ಕನೇ ಹೊಲೀಲಿ. ನಾನು ಮೇಲಿನವರ ಹತ್ರ ಮಾತಾಡ್ತೀನಿ. ಆದ್ರೆ ಸಮಿತಿಯವರು ಬಂದ ದಿನ ಒಂದು ಬಾವುಟ ಹೆಚ್ಚುಕಮ್ಮಿ ಆದ್ರೂ ಅಚ್ಚು ಹಾಕಿದ್ದನ್ನ ತರಿಸ್ತೀನಿ. ಆಮೇಲೆ ಅಣ್ಣ, ಅಕ್ಕ ಅಂತ ನನ್ನ ಬಾಗಿಲಿಗೆ ಬರಬೇಡಿ."

ಆ ಮಾತನ್ನು ಅಕ್ಕನಿಗೆ ಮುಟ್ಟಿಸಿದಾಗ ಆಕೆ ಯಂತ್ರದಿಂದ ತಲೆ ಎತ್ತಲಿಲ್ಲ. "ನಿಮ್ಮ ಮ್ಯಾನೇಜರು ಹುಟ್ಟೋಕೆ ಮುಂಚೆ ನಾನು ಸೂಜಿ ಹಿಡಿದವಳು ಅಂತ ಹೇಳು" ಎಂದರು.

ಈಗ ಬೆಳಕಾಗಿದೆ. ಬಾವುಟಗಳು ಒಂದೊಂದಾಗಿ ಮೇಲೇರುತ್ತಿವೆ. ಗಾಳಿ ಹಿತವಾಗಿದೆ, ಬಟ್ಟೆ ಚೆನ್ನಾಗಿ ಬಿಚ್ಚಿಕೊಳ್ಳುತ್ತಿದೆ. ಹದಿನೈದನೆಯದನ್ನೂ ಏರಿಸಿ ಹಗ್ಗದಣ್ಣ ಹಿಂದೆ ಸರಿದು ನಿಂತು ಸಾಲು ನೋಡುತ್ತಿರುವಾಗ, ಅತಿಥಿಗಳನ್ನು ಬರಮಾಡಿಕೊಳ್ಳುವ ಮೇಡಂ ಕೈಯಲ್ಲಿ ಫೋನು ಹಿಡಿದು ಬರುತ್ತಾರೆ. ನಡುವಿನ ಕಂಬವನ್ನು ನೋಡುತ್ತಾರೆ, ಫೋನು ನೋಡುತ್ತಾರೆ, ಮತ್ತೆ ಕಂಬ ನೋಡುತ್ತಾರೆ.

"ಅಣ್ಣಾ, ಅಧ್ಯಕ್ಷರ ದೇಶದ್ದು ಮೇಲೆ ಬಿಳಿ, ಕೆಳಗೆ ಕೆಂಪು ಅಲ್ವಾ? ಇದು ಮೇಲೆ ಕೆಂಪು, ಕೆಳಗೆ ಬಿಳಿ ಇದೆ. ಇದು ಬೇರೆ ದೇಶದ್ದು!"

ಹಗ್ಗದಣ್ಣ ನಡುವಿನ ಕಂಬದ ಬುಡಕ್ಕೆ ಓಡುತ್ತಾರೆ.

ಎರಡೇ ಬಣ್ಣದ ಇಂಥ ಬಾವುಟಗಳ ಕಷ್ಟವೇ ಇದು. ಬಟ್ಟೆ ಒಂದೇ, ಅಳತೆ ಒಂದೇ. ಕಂಬದ ಕಡೆಯ ಅಂಚಿನಲ್ಲಿ ದಪ್ಪ ಪಟ್ಟಿಯೊಂದನ್ನು ಹೊಲಿದು, ಅದರ ಒಂದು ತುದಿಗೆ, ಹಗ್ಗದ ಕುಣಿಕೆಗೆ ಸಿಕ್ಕಿಸುವ ಬೆರಳುದ್ದದ ಮರದ ಬಿರಡೆಯನ್ನು ಬಿಗಿಯುತ್ತಾರೆ. ಬಿರಡೆ ಇರುವ ತುದಿ ಮೇಲೆ ಹೋಗುತ್ತದೆ. ಬಿಳಿಯ ತುದಿಗೆ ಬಿಗಿದರೆ ಒಂದು ದೇಶ, ಕೆಂಪಿನ ತುದಿಗೆ ಬಿಗಿದರೆ ಇನ್ನೊಂದು ದೇಶ.

ಅಕ್ಕ ಅದನ್ನು ಬಿಳಿಯ ತುದಿಗೇ ಬಿಗಿದು ಕೊಟ್ಟಿದ್ದರು. ಹಿಂದಿನ ದಿನ ಅದನ್ನು ಬಿಚ್ಚಿ ಕೆಂಪಿನ ತುದಿಗೆ ಹೊಲಿದವರು ಹಗ್ಗದಣ್ಣ. ಗೋಡೆಯ ಪಟದಲ್ಲಿ ದೇಶದ ಹೆಸರು ಚಿತ್ರದ ಕೆಳಗಿರುತ್ತದೆ. ಅವಸರದಲ್ಲಿ ಅವರು ಹೆಸರಿನ ಕೆಳಗಿನ ಚಿತ್ರವನ್ನು ನೋಡಿದ್ದರು. ಅಲ್ಲಿ ಮೇಲೆ ಕೆಂಪಿತ್ತು. ಅಯ್ಯೋ, ಅಕ್ಕ ಮತ್ತೆ ತಪ್ಪಿದಳು ಎಂದು ಮರುಗಿ, ಸರಿಯಿದ್ದದ್ದನ್ನು ಕೆಡಿಸಿದ್ದರು.

ಮ್ಯಾನೇಜರು ಓಡಿ ಬರುತ್ತಾರೆ. ಕುತ್ತಿಗೆಯ ಟೈ ಬೆನ್ನ ಮೇಲೆ ಹಾರಿಕೊಂಡಿದೆ. "ಯಾರು ಹೊಲಿದದ್ದು ಇದನ್ನ? ನಿಮ್ಮಕ್ಕ ತಾನೆ? ನಾನು ಅವತ್ತೇ ಹೇಳಿದ್ದೆ!"

ಬಾಯಿ ತೆರೆದರೆ ಒಂದು ಕಷ್ಟ, ಮುಚ್ಚಿದರೆ ಇನ್ನೊಂದು. ತಪ್ಪು ನನ್ನದು ಎಂದರೆ, ನೀನೇಕೆ ಬಿಚ್ಚಿದೆ ಎಂದು ಕೇಳುತ್ತಾರೆ. ಅಕ್ಕನ ಕಣ್ಣಿನ ಸಂಗತಿ ಹೊರಬೀಳುತ್ತದೆ, ಅಲ್ಲಿಗೆ ಅವಳ ಕೆಲಸ ಮುಗಿಯುತ್ತದೆ. ಸುಮ್ಮನಿದ್ದರೆ ಮಾಡದ ತಪ್ಪು ಅವಳ ತಲೆಗೆ ಬರುತ್ತದೆ, ಆಗಲೂ ಕೆಲಸ ಮುಗಿಯುತ್ತದೆ. ಹಗ್ಗದಣ್ಣ ಬಾವುಟ ಇಳಿಸುತ್ತಾರೆ. ತಲೆಕೆಳಗು ಮಾಡಿ, ಬಿರಡೆ ಇಲ್ಲದ ತುದಿಯನ್ನೇ ಹಗ್ಗಕ್ಕೆ ಗಂಟು ಹಾಕಿ ಏರಿಸಿ ನೋಡುತ್ತಾರೆ. ಗಂಟು ಜಾರುತ್ತದೆ. ಅಧ್ಯಕ್ಷರ ಬಾವುಟ ಅಕ್ಕಪಕ್ಕದವುಗಳಿಗಿಂತ ಒಂದು ಮೊಳ ಕೆಳಗೆ, ಹೆಗಲು ಬಿದ್ದವರಂತೆ ನಿಲ್ಲುತ್ತದೆ.

"ಹೋಟೆಲಿನಿಂದ ಹೊರಟರಂತೆ" ಎಂದು ಮೇಡಂ ಪಿಸುಗುಟ್ಟುತ್ತಾರೆ.

ಈ ದಪ್ಪ ಪಟ್ಟಿಗೆ ತಾವು ಸೂಜಿ ಹಾಕುತ್ತಾ ಕುಳಿತರೆ ಮಧ್ಯಾಹ್ನವಾದೀತು. ಅದು ಹಗ್ಗದಣ್ಣನಿಗೆ ಗೊತ್ತು. ಕಾವಲುಗಾರನನ್ನು ಓಣಿಗೆ ಓಡಿಸುತ್ತಾರೆ.

ಅಕ್ಕ ಬರುತ್ತಾರೆ. ಒಂದು ಕೈ ಕಾವಲುಗಾರನ ತೋಳಿನ ಮೇಲೆ, ಇನ್ನೊಂದು ಕೈಯಲ್ಲಿ ಸೂಜಿಯ ಡಬ್ಬಿ. "ಏನ್ರೋ, ಊರು ಹತ್ಕೊಂಡು ಉರೀತಿದ್ಯಾ? ಈ ಹುಡುಗ ನನ್ನನ್ನ ಕುರಿ ಎಳೆದ ಹಾಗೆ ಎಳ್ಕೊಂಡು ಬಂದ."

"ನೀವು ಬಿರಡೇನ ಉಲ್ಟಾ ಹೊಲಿದಿದ್ದೀರಮ್ಮ" ಎನ್ನುತ್ತಾರೆ ಮ್ಯಾನೇಜರು. ಸಿಟ್ಟಿಗಿಂತ ಅಳು ಹತ್ತಿರವಿದೆ ಅವರ ಧ್ವನಿಯಲ್ಲಿ.

ಅಕ್ಕ ಮೆಟ್ಟಿಲ ಮೇಲೆ ಕುಳಿತು ಬಾವುಟವನ್ನು ತೊಡೆಗೆ ಎಳೆದುಕೊಳ್ಳುತ್ತಾರೆ. ಹೆಬ್ಬೆರಳು ಪಟ್ಟಿಯ ಉದ್ದಕ್ಕೂ ಹೋಗುತ್ತದೆ. ಬಿರಡೆಯ ಬಳಿ ನಿಲ್ಲುತ್ತದೆ. ಅಲ್ಲೇ ಹಿಂದೆ ಮುಂದೆ ಆಡುತ್ತದೆ.

"ಇದು ನನ್ನ ಹೊಲಿಗೆ ಅಲ್ಲ."

ಉಗುರಿನಿಂದ ದಾರವನ್ನು ಎತ್ತಿ ನೋಡುತ್ತಾರೆ.

"ಯಾರೋ ಬಿಚ್ಚಿ ಹೊಲಿದಿದ್ದಾರೆ. ಗಂಟಿನ ಮೇಲೆ ಗಂಟು. ಕೋಳಿ ಕೆದರಿದ ಹಾಗಿದೆ. ಯಾರದ್ದು ಇದು?"

ಹಗ್ಗದಣ್ಣ ಕಂಬ ಹಿಡಿದು ನಿಂತಿದ್ದಾರೆ. ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತಾರೆ. ದೇವರು ಅದನ್ನು ಆಡಿಸಲಿಲ್ಲ.

"ನಂದು ಅಕ್ಕಾ."

"ನಿಂದಾ?"

"ನೀನು ತಪ್ಪು ಹೊಲಿದಿದ್ದೀಯ ಅಂದ್ಕೊಂಡೆ. ಪಟ ನೋಡೋದ್ರಲ್ಲಿ ನಾನೇ ತಪ್ಪಿದೆ."

"ಇದೊಂದೇನಾ?"

"ಅಲ್ಲ. ಇದಕ್ಕೆ ಮುಂಚೆ ಎರಡು. ಅವು ನಿಜವಾಗಿಯೂ ತಪ್ಪಿದ್ವು."

ಅಕ್ಕ ತಮ್ಮನ ಕಡೆಗೆ ಮುಖ ಎತ್ತುತ್ತಾರೆ. ಆತ ನಿಂತದ್ದು ಸ್ವಲ್ಪ ಬಲಕ್ಕೆ, ಆಕೆಯ ನೋಟ ಹೋದದ್ದು ಸ್ವಲ್ಪ ಎಡಕ್ಕೆ. ಮ್ಯಾನೇಜರು ಅದನ್ನು ನೋಡುತ್ತಾರೆ. ಮೇಡಂ ಕೂಡ ನೋಡುತ್ತಾರೆ.

"ಕಳ್ಳ" ಎನ್ನುತ್ತಾರೆ ಅಕ್ಕ. "ಬಾ, ಸೂಜಿಗೆ ದಾರ ಹಾಕು. ಬೈಯೋದು ಆಮೇಲೆ ಇದೆ."

ಆಮೇಲೆ ನಡೆದದ್ದನ್ನು ಮೇಡಂ ಕೈ ಕಟ್ಟಿಕೊಂಡು ಹೇಳುತ್ತಾರೆ. ಅಕ್ಕ ಕತ್ತರಿಯ ತುದಿಯಿಂದ ತಮ್ಮನ ಗಂಟುಗಳನ್ನು ಒಂದೊಂದಾಗಿ ಹಾರಿಸಿದರು. ಬಿರಡೆಯನ್ನು ಬಿಳಿಯ ತುದಿಗೆ ತಂದರು. ಕಣ್ಣು ಎದುರಿನ ಗೋಡೆಯ ಮೇಲೆ, ಸೂಜಿ ಬೆರಳಿನ ಹಿಂದೆ. ದೂರದಲ್ಲಿ ಪೊಲೀಸ್ ಜೀಪಿನ ಸೈರನ್ ಕೇಳಿಸಿತು. ಮ್ಯಾನೇಜರು "ಅಮ್ಮಾ, ಅಮ್ಮಾ" ಎಂದು ಕಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದರು.

"ನೀವು ಹಾಗೆ ಸುತ್ತಿದ್ರೆ ನನಗೆ ಗಾಳಿ ಬರತ್ತೆ ಅಷ್ಟೇ, ದಾರ ಓಡಲ್ಲ" ಎಂದರು ಅಕ್ಕ.

ಮೊದಲ ಕಾರು ಗೇಟು ದಾಟಿದಾಗ ಆಕೆ ಹಲ್ಲಿನಿಂದ ದಾರ ಕಡಿದರು. ಹಗ್ಗದಣ್ಣ ಬಿರಡೆಯನ್ನು ಹಗ್ಗದ ಕುಣಿಕೆಗೆ ತೂರಿಸಿ ಎಳೆದರು. ಅವಸರದಿಂದ ಎಳೆದರೆ ಬಟ್ಟೆ ಹಗ್ಗಕ್ಕೆ ಸುತ್ತಿಕೊಳ್ಳುತ್ತದೆ. ಒಂದು ಕೈ, ಇನ್ನೊಂದು ಕೈ, ಮತ್ತೊಂದು ಕೈ. ಅಧ್ಯಕ್ಷರು ಕಾರಿನಿಂದ ಇಳಿದು, ನಡುವಿನ ಕಂಬದ ಮುಂದೆ ಬಂದು ನಿಂತು, ತಲೆ ಎತ್ತಿದರು.

ಮೇಲೆ ಬಿಳಿ, ಕೆಳಗೆ ಕೆಂಪು.

ಅವರು ಕೋಟಿನ ಗುಂಡಿ ಹಾಕಿಕೊಂಡು ಒಳಗೆ ನಡೆದರು. "ಅಷ್ಟೇ" ಎನ್ನುತ್ತಾರೆ ಹಗ್ಗದಣ್ಣ. "ನಮ್ಮ ಕೆಲಸ ಸರಿಯಾಗಿದ್ರೆ ಯಾರೂ ಎರಡನೇ ಸಲ ನೋಡಲ್ಲ. ಅವರೂ ನೋಡಲಿಲ್ಲ."

ಸಂಜೆ ಸಮಿತಿ ಹೊರಟುಹೋದ ಮೇಲೆ ಮ್ಯಾನೇಜರು ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಹಗ್ಗದಣ್ಣ ಬಾಗಿಲಲ್ಲೇ ಶುರು ಮಾಡಿದರು. "ತಪ್ಪೆಲ್ಲಾ ನಂದು ಸಾರ್. ಅಕ್ಕನ ಕಣ್ಣು ಚೆನ್ನಾಗಿದೆ."

"ಚೆನ್ನಾಗಿಲ್ಲ ಸಾರ್" ಎಂದರು ಅಕ್ಕ, ಕುರ್ಚಿಯ ಬೆನ್ನನ್ನು ಕೈಯಿಂದ ಹುಡುಕಿ ಕುಳಿತುಕೊಳ್ಳುತ್ತಾ. "ನಿಮ್ಮ ಮುಖ ನನಗೆ ಹೊಗೆ ಹಾಗೆ ಕಾಣ್ತಿದೆ. ಕೈ ಚೆನ್ನಾಗಿದೆ. ಬಣ್ಣ ಯಾವುದು ಎಲ್ಲಿ ಅಂತ ಒಬ್ಬರು ಹೇಳಿದ್ರೆ ಹೊಲೀತೀನಿ. ಬೇಡ ಅಂದ್ರೆ ಈಗಲೇ ಬೇಡ ಅಂದ್ಬಿಡಿ. ಇವನ ಹಾಗೆ ಹಿಂದಿನಿಂದ ಬಿಚ್ಚಬೇಡಿ."

ಮ್ಯಾನೇಜರು ಟೈ ಬಿಚ್ಚಿ ಮೇಜಿನ ಮೇಲಿಟ್ಟು, "ನೀವಿಬ್ಬರೂ ಸೇರಿ ಇವತ್ತು ನನ್ನ ಆಯಸ್ಸು ಅರ್ಧ ಮಾಡಿದ್ರಿ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಇನ್ನು ಮೇಲೆ ಅವರು ಹೊಲೀಲಿ, ನೀವು ನೋಡಿ. ತಪ್ಪಿದ್ರೆ ಅವರಿಗೇ ಹೇಳಬೇಕು, ಅವರೇ ತಿದ್ದಬೇಕು. ನಿಮ್ಮ ಕೈಯಲ್ಲಿ ಸೂಜಿ ಕಂಡ್ರೆ ಇಬ್ಬರನ್ನೂ ಮನೆಗೆ ಕಳಿಸ್ತೀನಿ."

ಮತದಾನ ಮುಂದಿನ ವಾರ, ಸಮುದ್ರದಾಚೆಯ ಯಾವುದೋ ಸಭಾಂಗಣದಲ್ಲಿ. ಊರು ಉಸಿರು ಬಿಗಿಹಿಡಿದಿದೆ. ಆಟ ಇನ್ನೊಂದು ಊರಿನ ಪಾಲಾದರೆ ಇಷ್ಟು ಬಾವುಟಗಳ ಕೆಲಸ ಅಕ್ಕನ ಜೀವಮಾನದಲ್ಲಿ ಮತ್ತೆ ಬರಲಾರದು. ಆದರೂ ಅಕ್ಕ ಕಾಯುತ್ತಾ ಕುಳಿತಿಲ್ಲ. ಅರಿವೆ ತರಿಸಿ ಆಗಲೇ ಹೊಲಿಯತೊಡಗಿದ್ದಾರೆ. ಕಣ್ಣಿನ ಡಾಕ್ಟರ ಬಳಿಗೂ ಹೋಗಿ ಬಂದಿದ್ದಾರೆ. ಶಸ್ತ್ರಚಿಕಿತ್ಸೆಯಿಂದ ಒಂದು ಕಣ್ಣಿಗೆ ಅನುಕೂಲವಾಗಬಹುದು, ಇನ್ನೊಂದರ ಮಾತು ಹೇಳಲಾಗದು ಎಂದರಂತೆ.

ಆಟ ಸಿಗದಿದ್ದರೆ ಹೊಲಿದದ್ದನ್ನೆಲ್ಲ ಏನು ಮಾಡುತ್ತೀರಿ ಎಂದರೆ, "ಮಡಿಸಿ ಇಡ್ತೀನಿ. ಬಟ್ಟೆ ಏನು ಅನ್ನ ತಿನ್ನತ್ತಾ?" ಎನ್ನುತ್ತಾರೆ.

ತಮ್ಮನಿಗಿರುವ ಆಸೆ ಸಣ್ಣದು. ಆಟ ಬರಬೇಕು, ಅಕ್ಕ ಒಂದು ಕಣ್ಣಿನಿಂದಲಾದರೂ ಅಷ್ಟೂ ಕಂಬಗಳನ್ನು ಒಟ್ಟಿಗೆ ನೋಡಬೇಕು. ಹೊರಗಿನ ಕಟ್ಟೆಯ ಮೇಲೆ ಕುಳಿತು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಕೂಗು ಬರುತ್ತದೆ.

"ಲೋ, ಬಂದವರ ಹತ್ರ ಹರಟಿದ್ದು ಸಾಕು. ಬಂದು ಈ ಅಂಚು ನೋಡು. ನೆಟ್ಟಗಿದ್ಯಾ?"

ಹಗ್ಗದಣ್ಣ ಎದ್ದು ಹೋಗುತ್ತಾರೆ. ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದು ನೋಡುತ್ತಾರೆ. ಆಮೇಲೆ ಅಕ್ಕನ ಬೆರಳನ್ನು ಹಿಡಿದು, ಹೊಲಿಗೆ ವಾಲಿದ ಜಾಗದ ಮೇಲೆ ಇಡುತ್ತಾರೆ.

"ಇಲ್ಲ ಅಕ್ಕಾ. ಇಲ್ಲಿಂದ ಸೊಟ್ಟ ಹೋಗಿದೆ."

ಅಕ್ಕ ಬೆರಳಾಡಿಸುತ್ತಾರೆ. "ಹೂಂ" ಎನ್ನುತ್ತಾರೆ. ಕತ್ತರಿ ತೆಗೆದುಕೊಂಡು, ಅಲ್ಲಿಂದಲೇ ಬಿಚ್ಚಲು ತೊಡಗುತ್ತಾರೆ.